ರುಚಿ ನೋಡದ ಕೈ

ಅಕ್ಕ ಹೋದರು ಅಂತ ದೊಡ್ಡಗಾಜನೂರಿನಿಂದ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಮೈದಾಹಿಟ್ಟು ಜರಡಿ ಹಿಡಿಯುತ್ತಿದ್ದೆ ಅಂತ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ನಾನು ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದೆ. ಹಿಟ್ಟಿಗೂ ನನಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಹಾಗಿದ್ದೂ ಆರು ವರ್ಷಗಳ ಕಾಲ ನಾನು ಕ್ರಿಸ್‌ಮಸ್ ಬಿಸ್ಕತ್ತು ಮಾಡುವುದರಲ್ಲಿ ಎತ್ತಿದ ಕೈ ಅಂತ ಎರಡು ತಾಲ್ಲೂಕಿನಲ್ಲಿ ಹೆಸರು ಮಾಡಿದ್ದೆ. ಆ ಹೆಸರು ನನ್ನದಲ್ಲ, ಅಕ್ಕನದು. ಅದನ್ನು ಹೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ, ಪಕ್ಕದ ಮನೆಯವರು. ಊರವರಿಗೆ ಮೂಲೆಮನೆಯಮ್ಮ. ಲಿಂಗ ಕಟ್ಟಿದ ಮನೆತನ, ನಾಲ್ಕೈದು ಎಕರೆ ಹೊಲ, ಎರಡು ಸೀಮೆಹಸು, ಒಬ್ಬ ಗಂಡ. ಗಂಡನನ್ನು ಕೊನೆಗೆ ಹೇಳಿದ್ದು ನನ್ನ ಅಚಾತುರ್ಯವಲ್ಲ, ಅಕ್ಕ ಹೇಳುತ್ತಿದ್ದದ್ದೇ ಆ ಕ್ರಮದಲ್ಲಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ತಾಳವಾಡಿಯ ಒಂದು ಸಣ್ಣ ಖಾಸಗಿ ಶಾಲೆಗೆ ಕನ್ನಡ ಟೀಚರಾಗಿ ಸೇರಿ, ದೊಡ್ಡಗಾಜನೂರಿನಲ್ಲಿ ಮನೆ ಮಾಡಿದೆ. ನಾನು ಕೊಳ್ಳೇಗಾಲದ ಕಡೆಯವಳು, ಕ್ರೈಸ್ತರ ಮನೆಯವಳು, ಮೂವತ್ತಾದರೂ ಮದುವೆಯಾಗದವಳು. ಈ ಮೂರೂ ಸಂಗತಿ ಒಂದೇ ವಾರದಲ್ಲಿ ಊರಿಗೆಲ್ಲ ಗೊತ್ತಾಗಿ, ಬೀದಿಯವರೆಲ್ಲ ಒಂದೊಂದು ಪ್ರಶ್ನೆ ಕೇಳಿ ಮುಗಿಸಿದರು. ಅಕ್ಕ ಕೇಳಿದ್ದು ಒಂದೇ.

"ಬೆಳಗಾನೆ ಎಷ್ಟೊತ್ಗೆ ಏಳ್ತೀಯವ್ವಾ?"

"ಆರಕ್ಕೆ."

"ಆರಕ್ಕಾ! ಅಷ್ಟೊತ್ಗೆ ಸೂರ್ಯ ಎದ್ದು ಅಲ್ಲುಜ್ಜಿ ಆಗಿರ್ತದೆ ಕಣವ್ವ" ಅಂದು ಬೀಗದ ಕೈ ಕೊಟ್ಟರು.

ಆ ವರ್ಷದ ಡಿಸೆಂಬರಿನಲ್ಲಿ ನಮ್ಮಮ್ಮ ಒಂದು ಕಾಗದ ಬರೆದಳು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಮೂರು ತಗಡಿನ ಅಚ್ಚು: ನಕ್ಷತ್ರ, ಗಂಟೆ, ಮರ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಬೆಣ್ಣೆ ಬಿಸ್ಕತ್ತು ಮಾಡಿ, ಮೊಟ್ಟೆಯ ಬಿಳಿಗೆ ಸಕ್ಕರೆಪುಡಿ ಕಲಸಿ ಮೇಲೆ ಚಿತ್ರ ಬರೆಯುವುದು ಅಜ್ಜಿಯ ಕಾಲದಿಂದ ಬಂದದ್ದು. "ಈ ಸಲ ನನ್ನ ಕೈ ನೋಯ್ತಿದೆ, ನೀನೇ ಮಾಡಿ ತಗಂಡು ಬಾ. ಮೂವತ್ತು ವರ್ಷದ ಹೆಣ್ಣು ಒಂದು ಬಿಸ್ಕತ್ತಾದ್ರೂ ಮಾಡ್ಬೇಕು" ಅಂತ ಬರೆದಿದ್ದಳು. ಕೈ ನೋವು ನೆಪ. ಹುಡುಗಿಗೆ ಅಡುಗೆ ಬರುತ್ತದೆ ಅಂತ ನಾಲ್ಕು ಜನರಿಗೆ ತೋರಿಸಬೇಕಿತ್ತು.

ನಾನು ಸೀಮೆಎಣ್ಣೆ ಸ್ಟೌವಿನ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಮುಚ್ಚಿ ಬೇಯಿಸಿದೆ. ಮೊದಲ ಸರ್ತಿಯದು ಕೆಳಗೆ ಕರಿ, ಮೇಲೆ ಹಸಿ. ಎರಡನೆಯದು ಎರಡೂ ಕಡೆ ಕರಿ. ಹೊಗೆ ಹಿತ್ತಲ ಬೇಲಿ ದಾಟಿತು. ಹೊಗೆಯ ಹಿಂದೆಯೇ ಬಂದವರ ಹಾಗೆ ಅಕ್ಕ ಬೇಲಿಯ ಕಿಂಡಿಯಲ್ಲಿ ನುಸುಳಿ ಬಂದರು.

"ಏನವ್ವಾ ಇದು, ಮನೆ ಒಳಗೆ ಕುಳ್ಳು ಸುಡ್ತಿದ್ದೀಯಾ?"

ನಾನು ಅಳುವುದೊಂದು ಬಾಕಿ. ಅವರು ಮೂಗು ಎತ್ತಿ ಮೂಸಿದರು. "ಬೆಣ್ಣೆ ಆಕಿದ್ದೀಯ. ಒಳ್ಳೆ ಬೆಣ್ಣೆ. ಇಂತಾ ಬೆಣ್ಣೆನ ಇಂಗೆ ಸುಟ್ಟಾಕುದ್ರೆ ಅಸ ಶಾಪ ಆಕ್ತದೆ ಕಣವ್ವ."

"ಮೊಟ್ಟೆನೂ ಹಾಕಿದೆ ಅಕ್ಕ. ನೀವು ಮುಟ್ಟಬೇಡಿ" ಅಂದೆ.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ತಟ್ಟೆಯಲ್ಲಿ ಮಿಕ್ಕಿದ್ದ ಹಿಟ್ಟನ್ನು ನೋಡಿದರು, ಬಾಣಲೆ ನೋಡಿದರು, ಮತ್ತೆ ಹಿಟ್ಟು ನೋಡಿದರು. ಹಿಟ್ಟು ಹಾಳಾಗುವುದನ್ನು ಕಣ್ಣಾರೆ ನೋಡಿಕೊಂಡು ಹೋಗುವುದು ಅವರ ಜಾಯಮಾನಕ್ಕೆ ಒಗ್ಗದು. "ನಾನು ತಿನ್ನಾಕಿಲ್ಲ, ಮುಟ್ಟಾಕೂ ಇಲ್ಲ. ಬೆಂಕಿ ಯಾರಪ್ಪನ ಮನೇದು? ಬೆಂಕಿ ನೋಡ್ಕತೀನಿ, ನಡಿ" ಅಂದರು.

ಅವರ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆಯಿತ್ತು. ಅಡುಗೆ ಒಲೆಗೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅದಕ್ಕೆ ಮೈಲಿಗೆಯೂ ಇಲ್ಲ ಎಂದು ಅಕ್ಕ ಅಲ್ಲೇ ತೀರ್ಮಾನ ಕೊಟ್ಟರು. ಅಗಲವಾದ ಹಳೆಯ ಅಲ್ಯುಮಿನಿಯಂ ಬೋಗುಣಿಗೆ ಒಂದು ಅಂಗುಲ ಮರಳು ಹಾಕಿ, ನಡುವೆ ಮುಕ್ಕಾಲಿ ಇಟ್ಟು, ಅದರ ಮೇಲೆ ಬಿಸ್ಕತ್ತಿನ ತಟ್ಟೆ ಇಡಿಸಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡಿದರು. ಕೆಳಗೆ ಹುಣಸೆ ಸೌದೆ. ಬೇರೆ ಸೌದೆಯನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. "ಸರ್ವೆ ಸೌದೆ ಬುರ್ರಂತ ಉರ್ದು ಬುಟ್ಟೋಯ್ತದೆ, ನಂಬಕಾಗಾಕಿಲ್ಲ. ಉಣ್ಸೆ ಗಟ್ಟಿಗಿತ್ತಿ."

ಆ ಸರ್ತಿಯ ಹದಿನಾರು ಬಿಸ್ಕತ್ತೂ ಒಂದೇ ಬಣ್ಣಕ್ಕೆ ಬಂದವು. ಅಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ಅವನ್ನು ಎಷ್ಟೋ ಹೊತ್ತು ನೋಡಿದರು. ತಾವು ಏನೋ ಒಂದನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಮಾಡಿ, ಅದು ಮೊದಲ ಬಾರಿಗೇ ಸರಿಯಾಗಿ ಬಂತು ಅನ್ನುವ ಹೆಮ್ಮೆ ಆ ಮುಖದಲ್ಲಿತ್ತು. ನನಗೆ ಅವತ್ತೇ ಗೊತ್ತಾಯಿತು, ಇವರು ಇನ್ನು ಬಿಡುವವರಲ್ಲ ಅಂತ.

ಬಿಡಲೂ ಇಲ್ಲ. ಮುಂದಿನ ಡಿಸೆಂಬರಿಗೆ ಅವರ ಕೈಯೇ ಹಿಟ್ಟಿಗೆ ಇಳಿಯಿತು. "ನೀನು ಕಲ್ಸೋದು ನೋಡುದ್ರೆ ಅಸೀಗೆ ಬೂಸ ಕಲ್ಸಿದಂಗದೆ, ಸರಿ ಅತ್ಲಾಗಿ" ಅಂದು ತಟ್ಟೆ ಎಳೆದುಕೊಂಡರು. ಅದಕ್ಕೂ ತಮ್ಮದೇ ಕಾನೂನು ಮಾಡಿಕೊಂಡರು. ಮೊಟ್ಟೆ ಒಡೆಯುವುದು ನಾನು, ನನ್ನ ಮನೆಯಲ್ಲಿ. ಕಲಸುವಾಗ ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಭದ್ರ ಮಾಡಿಕೊಳ್ಳುವುದು. ಮುಗಿದ ಮೇಲೆ ತಲೆಗೆ ಸ್ನಾನ, ಆಮೇಲೆಯೇ ಅಡುಗೆಮನೆ. ಬಾಯಿಗೆ ಮಾತ್ರ ಒಂದು ಚೂರೂ ಇಲ್ಲ. "ಕೈಯಿಗೆ ತಾಕಿದ್ದು ತೊಳುದ್ರೆ ಓಯ್ತದೆ. ಒಟ್ಟೆ ತೊಳೆಯಕಾದದಾ?" ಅಂತ ಅವರ ನ್ಯಾಯ.

ಹಾಗಾದರೆ ಹದ ತಿಳಿಯುವುದು ಹೇಗೆ? ಮೂಗಿನಿಂದ. ಬೋಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ನಾನು ಮಾತಾಡಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. ಒಮ್ಮೆ ವಿವರಿಸಿ ಹೇಳಿದರು: "ಮೊದ್ಲು ಇಟ್ಟಿನ್ ವಾಸ್ನೆ ಬತ್ತದೆ. ಆಮೇಲೆ ಬೆಣ್ಣೆದು. ಆಮೇಲೆ ಏನೂ ಬರಾಕಿಲ್ಲ ಕಣವ್ವ, ಒಂದ್ ಗಳ್ಗೆ ಸುಮ್ಗಾಯ್ತದೆ. ಆ ಸುಮ್ಗಾದ ಗಳ್ಗೇಲಿ ತೆಗ್ದುಬುಡ್ಬೇಕು. ಅದು ಬುಟ್ರೆ ಸೀದ ವಾಸ್ನೆನೇ." ನಾನು ಎಷ್ಟು ಮೂಸಿದರೂ ಆ ಸುಮ್ಮನಾದ ಗಳಿಗೆ ನನಗೆ ಒಮ್ಮೆಯೂ ಸಿಕ್ಕಲಿಲ್ಲ.

ರುಚಿ ನೋಡುವ ಕೆಲಸ ನನಗೆ ಬಿತ್ತು. ನಾನು ಪ್ರತಿ ಸಲ "ಚೆನ್ನಾಗಿದೆ ಅಕ್ಕ" ಅನ್ನುತ್ತಿದ್ದೆ. ಮೂರನೆಯ ವರ್ಷ ಅಕ್ಕನಿಗೆ ರೇಗಿತು. "ಬೆಂದಿದ್ರೂ ಚೆನ್ನಾಗದೆ, ಬೇಯ್ದೆ ಇದ್ರೂ ಚೆನ್ನಾಗದೆ. ನಿಂದು ನಾಲ್ಗೆ ಅಲ್ಲ ಕಣವ್ವ, ಮೇಷ್ಟ್ರು ಆಕೋ ಪಾಸ್ ಮಾರ್ಕು." ಅಂದಿನಿಂದ ನನ್ನನ್ನು ಆ ಕೆಲಸದಿಂದಲೂ ತೆಗೆದುಹಾಕಿದರು.

ಅವರ ನಿಜವಾದ ಕೈಚಳಕ ಕಾಣುತ್ತಿದ್ದದ್ದು ಚಿತ್ರ ಬರೆಯುವಾಗ. ನಮ್ಮ ಕ್ರಿಸ್‌ಮಸ್ ಬರುವುದು ಧನುರ್ಮಾಸದಲ್ಲಿ. ಆ ತಿಂಗಳು ಪೂರ್ತಿ ಊರಿನ ಹೆಂಗಸರು ನಸುಕಿನಲ್ಲೇ ಎದ್ದು ಬಾಗಿಲಿಗೆ ಸಗಣಿ ಸಾರಿಸಿ ದೊಡ್ಡ ರಂಗೋಲಿ ಬಿಡುತ್ತಾರೆ. ಅದರಲ್ಲಿ ಮೂಲೆಮನೆಯಮ್ಮನನ್ನು ಮೀರಿಸಿದವರಿಲ್ಲ. ಸುತ್ತಲ ಊರುಗಳ ಮದುವೆ ಚಪ್ಪರಕ್ಕೆ ಅವರೇ ಬರಬೇಕು, ಅವರೇ ಚುಕ್ಕಿ ಇಡಬೇಕು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಸಕ್ಕರೆಯ ಬಿಳಿ ತುಂಬಿ ನಾನು ಕೊಟ್ಟಾಗ ಅಕ್ಕ ಒಮ್ಮೆ ಹಿಚುಕಿ ನೋಡಿ ನಕ್ಕುಬಿಟ್ಟರು. "ಮೊಟ್ಟೆ ಲೋಳೇಲಿ ರಂಗೋಲಿ! ನಮ್ಮತ್ತೆ ಇದ್ದಿದ್ರೆ ಬಾವಿಗೆ ಬೀಳೋಳು." ನಕ್ಷತ್ರದ ಮೇಲೆ ಮೊದಲು ಚುಕ್ಕಿ, ಆಮೇಲೆ ಎಳೆ. ಬೀಟ್‌ರೂಟಿನ ಕೆಂಪು, ಅರಿಶಿನದ ಹಳದಿ. ಎರಡು ಬೆರಳಗಲದ ಬಿಸ್ಕತ್ತಿನ ಮೇಲೆ ಹನ್ನೊಂದು ಚುಕ್ಕಿ ಇಟ್ಟು, ಎಳೆ ಎಲ್ಲೂ ಕಡಿಯದಂತೆ ಸುತ್ತಿ ತರುತ್ತಿದ್ದರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಅವರು ಮಾತ್ರ ಆ ಹೊತ್ತಿಗೆ ಹಸುವಿನ ಕತೆ ಹೇಳುತ್ತಿರುತ್ತಿದ್ದರು.

ಕ್ರಿಸ್‌ಮಸ್ ಮರ ಅವರಿಗೆ ಅರ್ಥವಾಗಲಿಲ್ಲ. "ಇದ್ಯಾವ್ ಮರ, ಸರ್ವೆ ಮರಾನಾ?" ಅಂದು, ಊರ ಗಡಿಯ ದೇವರ ಮರಕ್ಕೆ ಹಾಕುವ ಹಾಗೆ ಚೆಂಡುಹೂವಿನ ಹಾರ ಬರೆದರು. ಗಂಟೆಗೆ ಇನ್ನೊಂದು ಮಾಡಿದರು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ಗಂಟೆಗೂ ಅಡ್ಡಡ್ಡಲಾಗಿ ಮೂರು ಬಿಳಿ ಗೆರೆ ಎಳೆದು ಮುಗಿಸಿದ್ದರು. ಅವರ ದೇವರಮನೆಯ ಗಂಟೆಗೆ ದಿನಾ ವಿಭೂತಿ ಬಳಿಯುತ್ತಾರಲ್ಲ, ಗಂಟೆ ಅಂದರೆ ಅವರಿಗೆ ಅದೇ. "ಅಕ್ಕ, ಇದು ಚರ್ಚಿಗೆ ಹೋಗೋದು!" ಅಂದರೆ, "ಓಗ್ಲಿ, ಬರೀ ಅಣೇಲಿ ಓದ್ರೆ ಚೆಂದಾನಾ?" ಅಂದರು. ಬೇರೆ ದಾರಿಯಿಲ್ಲದೆ ತೆಗೆದುಕೊಂಡು ಹೋದೆ. ಚರ್ಚಿನಲ್ಲಿ ಫಾದರ್ ಒಂದನ್ನು ಎತ್ತಿ ಹಿಡಿದು, "ತಂದೆ, ಮಗ, ಪವಿತ್ರಾತ್ಮ. ಟೀಚರ್ ಎಷ್ಟು ಯೋಚನೆ ಮಾಡಿ ಮೂರು ಗೆರೆ ಎಳೆದಿದ್ದಾರೆ ನೋಡಿ" ಅಂತ ಎಲ್ಲರಿಗೂ ತೋರಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಜನ ಅದನ್ನು ವಿನಯ ಅಂದುಕೊಂಡರು.

ಹಬ್ಬ ಮುಗಿಸಿ ಊರಿನಿಂದ ಬಂದ ದಿನ ಸಂಜೆ ಅಕ್ಕ ಹಾಲು ಕರೆಯುವ ಹೊತ್ತಿಗೆ ನಾನು ಕೊಟ್ಟಿಗೆಗೆ ಹೋಗಿ ವರದಿ ಒಪ್ಪಿಸಬೇಕು. ಯಾರು ಯಾರು ತಿಂದರು, ಏನೇನು ಅಂದರು, ಒಂದು ಮಾತೂ ಬಿಡುವಂತಿಲ್ಲ. ಅವರು ನನ್ನ ಕಡೆ ತಿರುಗುತ್ತಿರಲಿಲ್ಲ.

"ಫಾದರು ಏನಂದ್ರು? ಇನ್ನೊಂದ್ ಸಲ ಯೋಳು."

ಇನ್ನೊಂದು ಸಲ ಹೇಳುತ್ತಿದ್ದೆ.

"ಯಾವ ಬೇಕರಿದು ಅಂತ ಯಾರೂ ಕೇಳ್ನಿಲ್ವಾ?"

"ಕೇಳಿದ್ರು. ಸತ್ತಿ ಪೇಟೆ ಬೇಕರಿದಾ ಅಂದ್ರು."

"ಥೂ! ಬೇಕರಿಯಂತೆ ಬೇಕರಿ." ಚೆಂಬನ್ನು ಸರಿಮಾಡಿಕೊಂಡು, "ಆಮೇಲೆ ಯಾರು ಮಾಡಿದ್ದು ಅಂದೆ?"

"ನಾನೇ ಅಂದೆ ಅಕ್ಕ."

"ಊಂ. ಸರಿ ಬುಡು" ಅನ್ನುತ್ತಿದ್ದರು. ಆಗ ಮಾತ್ರ ಹಾಲಿನ ಸದ್ದು ಜೋರಾಗುತ್ತಿತ್ತು.

ಯಾಕೆಂದರೆ ನಾನು ಹಾಗೇ ಹೇಳಬೇಕು ಅಂತ ಹಿಟ್ಟಿಗೆ ಕೈ ಹಾಕಿದ ವರ್ಷವೇ ಕೈಮೇಲೆ ಕೈಯಿಡಿಸಿ ಆಣೆ ಹಾಕಿಸಿಕೊಂಡಿದ್ದರು. ಅವರಿಗೊಬ್ಬರು ಅತ್ತಿಗೆ ಇದ್ದರು, ಗಂಡನ ಅಕ್ಕ, ಜೀರಹಳ್ಳಿಯಲ್ಲಿ ಮನೆ. ಬಿಳಿ ಸೀರೆ, ಹಣೆ ತುಂಬ ವಿಭೂತಿ, ಎತ್ತರದ ಆಳು. ಆ ಕುಲದಲ್ಲಿ ಯಾರ ಮನೆಯ ಕಾರ್ಯವಾದರೂ ಮೊದಲು ಆ ಅತ್ತಿಗೆ ಆ ಮನೆಯ ನೀರು ಕುಡಿಯಬೇಕು, ಆಮೇಲೆಯೇ ಉಳಿದವರು ಎಲೆಯ ಮುಂದೆ ಕೂರುವುದು. ಅವರು ಒಂದು ಮನೆಯ ನೀರು ಬಿಟ್ಟರು ಅಂದರೆ ನಲವತ್ತು ಮನೆ ಬಿಟ್ಟ ಹಾಗೆ. "ನಾನು ಮೊಟ್ಟೆ ಕಲ್ಸ್ತೀನಿ ಅಂತ ಅತ್ಗೆ ಕಿವಿಗೆ ಬಿದ್ರೆ ಮುಗೀತು ಕಣವ್ವ. ನಾಳಿಕೆ ಯಾರ ಚಪ್ರದಲ್ಲೂ ನನ್ ಕೈಲಿ ಚುಕ್ಕಿ ಇಡುಸ್ಕಳಾಕಿಲ್ಲ" ಅಂದಿದ್ದರು ಅಕ್ಕ. ರಂಗೋಲಿ ಇಡಬೇಡ ಅನ್ನುವುದು ಅವರಿಗೆ ಉಸಿರಾಡಬೇಡ ಅಂದ ಹಾಗೆ. ಹಾಗಾಗಿ ಡಿಸೆಂಬರಿನಲ್ಲಿ ಹಿತ್ತಲಿನಿಂದ ಬೆಣ್ಣೆಯ ಘಮ ಬಂದರೆ, ಜಗುಲಿಯಲ್ಲಿ ಕೂತ ಅವರ ಯಜಮಾನರು ಯಾರೂ ಕೇಳದಿದ್ದರೂ "ನೀರು ಕಾಯುಸ್ತಾವ್ಳೆ, ನೀರು" ಅನ್ನುತ್ತಿದ್ದರು.

ನನಗೂ ಈ ಗುಟ್ಟು ಅನುಕೂಲವೇ ಆಗಿತ್ತು, ಅದನ್ನೇಕೆ ಮುಚ್ಚಿಡಲಿ. ನಮ್ಮಮ್ಮ ಡಬ್ಬಿ ತೆರೆದು ನೋಡಿ ಕುಣಿದಾಡಿಬಿಟ್ಟಿದ್ದಳು. ಹೆಣ್ಣು ನೋಡಲು ಬಂದವರ ಮುಂದೆಲ್ಲ ಅದೇ ಬಿಸ್ಕತ್ತು, "ನನ್ನ ಮಗಳ ಕೈ ನೋಡಿ" ಅಂತ. ಆದರೆ ಅವಳು ಬರೀ ಹೊಗಳುವವಳಲ್ಲ. ಪ್ರತಿ ವರ್ಷ ಒಂದು ತಿದ್ದುಪಡಿ ಹೇಳಿ ಕಳಿಸುತ್ತಿದ್ದಳು. ಏಲಕ್ಕಿ ಹೆಚ್ಚಾಯಿತು. ಅಂಚು ದಪ್ಪವಾಯಿತು. ಸಕ್ಕರೆ ಇನ್ನೂ ನುಣ್ಣಗಿರಲಿ. ನಾನು ಅದನ್ನು ಕೊಟ್ಟಿಗೆಯಲ್ಲಿ ಒಪ್ಪಿಸಿದರೆ ಅಕ್ಕನ ದನಿ ಹೊಗಳಿಕೆಗಿಂತ ಹೆಚ್ಚು ಅರಳುತ್ತಿತ್ತು. "ಅದು ನಾಲ್ಗೆ! ನಿಮ್ಮವ್ವಂದು ನಾಲ್ಗೆ ಕಣವ್ವ! ಸಕ್ರೆ ನುಣ್ಗಿಲ್ಲ ಅಂತ ನಂಗೂ ಅನ್ನುಸ್ತಿತ್ತು." ಮುಂದಿನ ಡಿಸೆಂಬರಿಗೆ ಆ ತಪ್ಪು ಇರುತ್ತಿರಲಿಲ್ಲ. ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು ನನ್ನನ್ನು ಅಂಚೆಯವಳನ್ನಾಗಿ ಮಾಡಿಕೊಂಡು ಐದು ವರ್ಷ ಬಿಸ್ಕತ್ತು ತಿದ್ದಿದರು. ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆರನೆಯ ವರ್ಷ ಅಮ್ಮ ಫೋನು ಮಾಡಿದಳು. "ಈ ಸಲ ನಾನೇ ಬತ್ತೀನಿ. ನೀನು ಮಾಡೋದ ಕಣ್ಣಾರೆ ನೋಡ್ಬೇಕು."

ಫೋನಿಟ್ಟವಳೇ ಬೇಲಿಯ ಕಿಂಡಿಗೆ ಓಡಿದೆ. ಅಕ್ಕನಿಗೆ ಹೇಳಿದರೆ ಅವರಿಗೆ ಸಂಭ್ರಮ. ರುಚಿ ಬಲ್ಲ ನಾಲಗೆಯವಳು ಬರುತ್ತಿದ್ದಾಳೆ, ತಪ್ಪು ಹುಡುಕಲಾರದಂತೆ ಮಾಡಿ ಇಡಬೇಕು ಅಂತ ಹಟ. ಇಪ್ಪತ್ನಾಲ್ಕನೆಯ ತಾರೀಖು ಮಧ್ಯಾಹ್ನ ಮೂರರ ಬಸ್ಸಿಗೆ ಅಮ್ಮ ಇಳಿಯುತ್ತಾಳೆ, ಹನ್ನೆರಡರೊಳಗೆ ಬೇಯಿಸುವುದು ಮುಗಿಯಬೇಕು, ಮಾಡಿದ್ದಾಯಿತಲ್ಲ ಅಂತ ನಾನು ನಾಟಕವಾಡಬೇಕು. ಇದು ನಮ್ಮ ಲೆಕ್ಕಾಚಾರ.

ನಾಲ್ಕು ತಟ್ಟೆ ಸಲೀಸಾಗಿ ಇಳಿದವು. ಐದನೆಯದು, ಕೊನೆಯದು, ಬೋಗುಣಿಯಲ್ಲಿತ್ತು. ಬೆಣ್ಣೆಯ ವಾಸನೆ ಶುರುವಾಗಿ ಅಕ್ಕ ಕಣ್ಣು ಮುಚ್ಚಿದ್ದರು. ಆಗ ಬೀದಿಯ ಕಡೆಯಿಂದ ಯಜಮಾನರ ಕೂಗು ಕೇಳಿತು, ಎಂದೂ ಇಲ್ಲದಷ್ಟು ಜೋರು: "ಓಹೋ, ಜೀರಳ್ಳಿ ಅಕ್ಕಯ್ಯ ಬಂದ್ರಾ! ಬನ್ನಿ, ಬನ್ನಿ!" ಅತ್ತಿಗೆ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು, ಹೇಳದೆ ಕೇಳದೆ ಬಂದಿದ್ದರು. ಅಕ್ಕ ಮುಚ್ಚಳ ಕಿತ್ತು, ತಟ್ಟೆ ಎಳೆದು, ಬೇಲಿಯ ಕಿಂಡಿಯಲ್ಲಿ ನನ್ನ ಕೈಗೆ ತುರುಕಿ, ಬೋಗುಣಿಯನ್ನು ಒಲೆಯಿಂದ ಇಳಿಸಿ ಮೂಲೆಗೆ ತಳ್ಳಿ ಮಂಕರಿ ಕವುಚಿ, ಸೆರಗು ಕೊಡವಿ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ನಡೆದರು. ಅತ್ತಿಗೆ ಹಿತ್ತಲಿಗೆ ಬರುವಷ್ಟರಲ್ಲಿ ಅಲ್ಲಿ ನೀರೊಲೆ ಮಾತ್ರ ಉರಿಯುತ್ತಿತ್ತು.

ಅತ್ತಿಗೆ ಉಂಡು ಮಲಗಿದ ಮೇಲೆ ಅಕ್ಕ ಕದ್ದು ನನ್ನ ಮನೆಗೆ ಬಂದು ಎಲ್ಲಕ್ಕೂ ಚುಕ್ಕಿ ಇಟ್ಟರು. ಕೊನೆಯ ತಟ್ಟೆಯ ಒಂದನ್ನು ಕೈಯಲ್ಲಿ ತೂಗಿ ನೋಡಿದರು. "ಇವು ಅಸಿ ಅವೆ. ಸುಮ್ಗಾಗೋ ಮುಂಚೇನೆ ತೆಗ್ದೆ. ಬಣ್ಣ ಮಿಕ್ಕದೆ ಅಂತ ಬರ್ದಿದ್ದೀನಿ, ಯಾರ್ಗೂ ಕೊಡ್ಬ್ಯಾಡ, ನೀನೇ ತಿನ್ಕೊ" ಅಂತ ಬೇರೆ ಡಬ್ಬಿಗೆ ಹಾಕಿದರು. ನಾನು ಒಂದು ತಿಂದೆ. ನನಗೆ ಚೆನ್ನಾಗಿಯೇ ಇತ್ತು.

ಅಮ್ಮ ಬಂದಳು. ಮಾಡುವುದನ್ನು ತೋರಿಸಲಿಲ್ಲವೆಂದು ಮುನಿಸಿಕೊಂಡಳು. ಮಾರನೆಯ ಬೆಳಿಗ್ಗೆ ತಾಳವಾಡಿಯ ಚರ್ಚಿಗೆ ಹೋದೆವು, ಬಿಸ್ಕತ್ತಿನ ದೊಡ್ಡ ಡಬ್ಬಿ ಅಲ್ಲೇ ಖಾಲಿಯಾಯಿತು. ನಾಲ್ಕು ಜನ ಅಮ್ಮನ ಕೈ ಹಿಡಿದು ನನ್ನನ್ನು ಹೊಗಳಿದರು. ಅಮ್ಮನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಇನ್ನೂ ಸೀರೆ ಬದಲಾಯಿಸಿಲ್ಲ, ಆಗಲೇ ಅಕ್ಕ ಮತ್ತು ಅತ್ತಿಗೆ ಇಬ್ಬರೂ ಬಾಗಿಲಲ್ಲಿ. ಪಕ್ಕದ ಮನೆಯವರ ಹಬ್ಬಕ್ಕೆ ಹೂವು ಹಣ್ಣು ಹಿಡಿದು ಹೋಗಿ ಮಾತಾಡಿಸಿ ಬರುವುದು ಆ ಬೀದಿಯ ಪದ್ಧತಿ. ಟೀಚರಮ್ಮನ ತಾಯಿ ಬಂದಿದ್ದಾರೆ ಅಂತ ಅತ್ತಿಗೆ ತಾವೇ ಹೊರಟು ಬಂದಿದ್ದರು.

ನಾನು ಅವರಿಬ್ಬರಿಗೆ ಬಾಳೆಹಣ್ಣಿಟ್ಟೆ. ಅಮ್ಮನ ಮುಂದೆ ಬರೀ ತಟ್ಟೆ ಇಡಬಾರದಲ್ಲ ಅಂತ, ದೊಡ್ಡ ಡಬ್ಬಿಯಲ್ಲಿ ಏನೂ ಉಳಿಯದ ಕಾರಣ, ಆ ಬೇರೆ ಡಬ್ಬಿಯ ಬಿಸ್ಕತ್ತು ತೆಗೆದು ಇಟ್ಟುಬಿಟ್ಟೆ. ಅಕ್ಕನ ಕಣ್ಣು ತಟ್ಟೆಯ ಮೇಲೆ ಬಿತ್ತು, ನನ್ನ ಮೇಲೆ ಬಿತ್ತು. ಅಷ್ಟರಲ್ಲಿ ಅತ್ತಿಗೆ ಕೂಡ ಬಗ್ಗಿ ನೋಡಿ, "ಏನ್ ಚೆಂದಾಗ್ ಬರ್ದಿದ್ದೀಯವ್ವಾ ಟೀಚರಮ್ಮ! ಈ ಪಲಗಾರ ನಾವು ತಿನ್ನಾಕಿಲ್ಲ, ಆದ್ರೆ ಕೈ ಕೈನೇ. ನಮ್ ಎಣ್ಮಕ್ಳಿಗೂ ಒಸಿ ಕಲ್ಸು" ಅಂದರು. ಅಮ್ಮ ಉಬ್ಬಿಹೋಗಿ ಒಂದು ನಕ್ಷತ್ರ ಎತ್ತಿ ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಂತಿತು.

"ಒಳಗೆ ಹಸಿ ಅದೆ" ಅಂದಳು ಅಮ್ಮ ನನ್ನನ್ನು ನೋಡಿ. "ಅವಸರ ಮಾಡಿದ್ದೀಯ. ಹುಟ್ಟಿದಾಗ್ಲಿಂದ ನಿಂದು ಇದೇ ಬುದ್ಧಿ. ಐದು ವರ್ಷ ಚೆನ್ನಾಗಿ ಮಾಡ್ದೆ, ಹೊಗಳ್ತಾರೆ ಅಂತ ಸಸಾರ ಆಯ್ತು. ಕೈಗೆ ಕೊಬ್ಬು ಬಂತು, ಅಲ್ವಾ?"

ನಾಲ್ಕು ಜನರ ಮುಂದೆ ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಗುಟ್ಟು ಉಳಿದರೆ ಸಾಕು ಅಂತ, "ಹೌದಮ್ಮ, ಅವಸರ ಆಯ್ತು" ಅಂದೆ.

"ಓಗ್ಲಿ ಬುಡಿ, ಚಿಕ್ಕೋಳು" ಅಂದರು ಅತ್ತಿಗೆ.

ಅಕ್ಕ ಕೈಯಲ್ಲಿದ್ದ ಚೆಂಡುಹೂವನ್ನು ಕೆಳಗಿಟ್ಟರು. ಅವರ ಮುಖ ಕಂಡು ನಾನು ಕಣ್ಸನ್ನೆ ಮಾಡಿದೆ, ತಲೆಯಲ್ಲಾಡಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಅವ್ಳಲ್ಲ ಕಣವ್ವ, ನಾನು ತೆಗ್ದದ್ದು" ಅಂದರು ನಮ್ಮಮ್ಮನಿಗೆ. "ನೆನ್ನೆ ಇವ್ರು ಬಂದ್ರು ಅಂತ ಗಾಬ್ರೀಲಿ ಮುಂಚೇನೆ ತೆಗ್ದುಬುಟ್ಟೆ. ಆರು ವರ್ಸದಿಂದ್ಲೂ ನಾನೇ ಮಾಡ್ತಿರೋದು. ಇಟ್ಟು ಕಲ್ಸದೂ ನಾನೇ, ಬೇಯ್ಸದೂ ನಾನೇ, ಚುಕ್ಕಿ ಇಡದೂ ನಾನೇ. ಅವ್ಳು ಮೊಟ್ಟೆ ಒಡೆಯದು ಬುಟ್ರೆ ಇನ್ನೇನೂ ಮಾಡಾಕಿಲ್ಲ."

ಮೊಟ್ಟೆ ಅನ್ನುವ ಮಾತು ಮನೆಯೊಳಗೆ ಬಿದ್ದು ಅಲ್ಲೇ ಕೂತುಬಿಟ್ಟಿತು. ಅತ್ತಿಗೆ ನಿಧಾನವಾಗಿ ಎದ್ದರು. "ಏನಂದೆ?"

"ಅದೇ ಅತ್ಗೆ. ಕೈಯಲ್ಲಿ ಕಲ್ಸಿದ್ದೀನಿ. ಬಾಯ್ಗೆ ಆಕಿಲ್ಲ. ಲಿಂಗದಾಣೆ. ಮಿಂದು ಮಡಿಯಾಗ್ದೆ ಒಂದಿನಾನೂ ಒಲೆ ಮುಟ್ಟಿಲ್ಲ. ಇನ್ನು ನಿಮ್ಮಿಷ್ಟ."

ಅತ್ತಿಗೆ ಬಾಳೆಹಣ್ಣನ್ನು ತಟ್ಟೆಗೆ ವಾಪಸ್ಸು ಇಟ್ಟು ಹೊರಗೆ ಹೋದರು. ಅವತ್ತು ಮೂಲೆಮನೆಯಲ್ಲಿ ನೀರೂ ಮುಟ್ಟದೆ ಜೀರಹಳ್ಳಿಗೆ ಹೊರಟೇಬಿಟ್ಟರು.

ನಮ್ಮಮ್ಮ ನನ್ನನ್ನು ನೋಡಿ, "ನಿನ್ನ ವಿಚಾರ ಆಮೇಲೆ" ಅಂದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಬಾಯ್ಗೇ ಹಾಕ್ದೆ ಹದ ಹೆಂಗ್ ಕಂಡು ಹಿಡಿತೀರವ್ವ?" ಅಂದಳು. ಅಕ್ಕ ಮೂಗು ಮುಟ್ಟಿ ತೋರಿಸಿದರು. ಅಮ್ಮ ಎದ್ದು, "ಎಲ್ಲಿ, ಆ ಒಲೆ ತೋರ್ಸಿ" ಅಂದಳು. ಇಬ್ಬರೂ ಬೇಲಿಯ ಕಿಂಡಿಯಲ್ಲಿ ನುಸುಳಿ ಹೋಗಿ, ಊಟದ ಹೊತ್ತು ಮೀರಿದರೂ ಬೋಗುಣಿಯ ಮುಂದೆ ಕೂತು ಕೆಂಡದ ಮಾತಾಡಿದರು. ಆರು ವರ್ಷದ ನನ್ನ ಸುಳ್ಳಿಗೆ ಸಿಕ್ಕ ಶಿಕ್ಷೆಯೆಂದರೆ, ಅವತ್ತಿನ ಪಾತ್ರೆಯೆಲ್ಲ ನಾನೇ ಉಜ್ಜಿದ್ದು.

ಮುಂದೇನಾಯಿತು ಅಂತ ಕೇಳುವವರಿಗೆ ಹೇಳುತ್ತೇನೆ. ಶಿವರಾತ್ರಿ ಕಳೆಯುವವರೆಗೆ ಆ ಕುಲದ ಯಾರೂ ಮೂಲೆಮನೆಯಲ್ಲಿ ನೀರು ಕುಡಿಯಲಿಲ್ಲ. ಎರಡು ಮದುವೆಗೆ ಅಕ್ಕನನ್ನು ಕರೆಯಲಿಲ್ಲ, ಎರಡು ಚಪ್ಪರದಲ್ಲೂ ಬೇರೆ ಯಾರೋ ರಂಗೋಲಿ ಬಿಟ್ಟರು. ಆ ದಿನಗಳಲ್ಲಿ ಅಕ್ಕ ತಮ್ಮ ಬಾಗಿಲಿಗೆ ಎಂದಿಗಿಂತ ದೊಡ್ಡ ರಂಗೋಲಿ ಬಿಟ್ಟರು, ಬೀದಿಯ ಆಚೆ ಅಂಚಿನವರೆಗೆ, ಬಸ್ಸಿಗೆ ಹೋಗುವವರೆಲ್ಲ ಸುತ್ತಿಕೊಂಡು ಹೋಗಬೇಕು. ಮೂರನೆಯ ಮದುವೆ ಅತ್ತಿಗೆಯ ಮೊಮ್ಮಗಳದೇ. ಬೇರೆಯವರ ಚುಕ್ಕಿ ಆ ಮೊಮ್ಮಗಳಿಗೆ ಹಿಡಿಸಲಿಲ್ಲ. ಅತ್ತಿಗೆ ತಾವೇ ಬಂದರು, ಮುಖ ಗಂಟಿಕ್ಕಿಕೊಂಡೇ ಒಂದು ಲೋಟ ನೀರು ಕೇಳಿ ಕುಡಿದರು. ಕ್ಷಮೆಯ ಮಾತು ಅತ್ತಲಿಂದಲೂ ಬರಲಿಲ್ಲ, ಇತ್ತಲಿಂದಲೂ ಹೋಗಲಿಲ್ಲ.

ಆದರೆ ಇದೆಲ್ಲ ಹೀಗೆ ಮುಗಿಯುತ್ತದೆ ಅಂತ ಆ ಕ್ರಿಸ್‌ಮಸ್ ದಿನ ಯಾರಿಗೆ ಗೊತ್ತಿತ್ತು? ಸಂಜೆ ನಾನು ಕೊಟ್ಟಿಗೆಗೆ ಹೋದೆ. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಯಾಕಕ್ಕ ಹೇಳಿದ್ರಿ? ಬೈಗುಳ ನಾನು ತಿಂದುಕೊಂಡಿದ್ದೆ, ಮುಗಿದೇ ಹೋಗಿತ್ತು. ಆರು ವರ್ಷ ಎಲ್ಲಾರೂ ನನ್ನನ್ನ ಹೊಗಳಿದಾಗ ಸುಮ್ಮನಿದ್ರಿ, ಇವತ್ತೊಂದಿನ ಸುಮ್ಮನಿರೋದಕ್ಕೆ ಏನಾಗಿತ್ತು?"

ಅಕ್ಕ ಹಾಲು ಕರೆಯುವುದನ್ನು ನಿಲ್ಲಿಸಿದರು. ಅದುವರೆಗೆ ಕೊಟ್ಟಿಗೆಯಲ್ಲಿ ಒಮ್ಮೆಯೂ ನನ್ನ ಕಡೆ ತಿರುಗದವರು ತಿರುಗಿ ನನ್ನ ಮುಖವನ್ನೇ ನೋಡಿದರು.

"ಒಗಳಿಕೆ ಬೇಕಾದ್ರೆ ಅಷ್ಟನ್ನೂ ನೀನೇ ಮಡಿಕ್ಕೊ ಕಣವ್ವ. ತಪ್ಪು ನಂದು. ಅದ ಮಾತ್ರ ನಾನು ಯಾರ್ಗೂ ಬುಟ್ಕೊಡಾಕಿಲ್ಲ."